ಸ್ವಸಹಾಯ ಸಂಘ ಮತ್ತು ಲೆಕ್ಕದ ಭಾಷೆ

ಗ್ರಾಮೀಣ ಬಡ ಮಹಿಳೆಯರ ಸ್ವಸಹಾಯ ಸಂಘವನ್ನು ಸಾಲ ವಿತರಣೆಯ ಸಾಧನವೆಂದಷ್ಟೇ ಭಾವಿಸುವುದು ವಾಡಿಕೆ. ಅದರ ಹುಟ್ಟನ್ನು ಗಮನಿಸಿದರೆ ಈ ಭಾವನೆ ಅಪೂರ್ಣವೆಂಬುದು ಸ್ಪಷ್ಟವಾಗುತ್ತದೆ. 1980ರ ದಶಕದ ಮಧ್ಯಭಾಗದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ನಡೆಯುತ್ತಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಹೊರಬಂದ ಸದಸ್ಯರು ಪರಸ್ಪರ ವಿಶ್ವಾಸವುಳ್ಳವರೊಡನೆ ಚಿಕ್ಕ ಗುಂಪುಗಳಾಗಿ ಕೂಡಿದರು. ಬಂಡವಾಳಕ್ಕಿಂತ ಮೊದಲು ಅಲ್ಲಿ ನಂಬಿಕೆಯಿತ್ತು.

1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ನೋಂದಣಿಯಿಲ್ಲದ ಗುಂಪಿಗೂ ಅಡಮಾನವಿಲ್ಲದೆ ಸಾಲ ನೀಡುವುದು, ಅದನ್ನು ಯಾರಿಗೆ, ಯಾವುದಕ್ಕೆ ಹಂಚಬೇಕೆಂಬುದನ್ನು ಗುಂಪಿಗೇ ಬಿಡುವುದು ಅದರ ವೈಶಿಷ್ಟ್ಯ. ಕರ್ನಾಟಕದಲ್ಲಿ 2000-01ರಿಂದ ಸ್ತ್ರೀಶಕ್ತಿ ಯೋಜನೆ ಈ ಮಾದರಿಯನ್ನು ವಿಸ್ತರಿಸಿತು.

ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಕ್ರಮಬದ್ಧ ಲೆಕ್ಕಪತ್ರ ಇವು ಸಂಘದ ಪಂಚಸೂತ್ರಗಳು. ಇವುಗಳಲ್ಲಿ ಕೊನೆಯದು ಭಾಷಾಧ್ಯಯನಕಾರರ ಗಮನಕ್ಕೆ ಅರ್ಹವಾದುದು. ನಡಾವಳಿ ಪುಸ್ತಕವನ್ನು ಓದಲಾರದ ಸದಸ್ಯೆ ಅನ್ಯರ ಮಾತನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಾಳೆ. ಆಗ ಸಾಲ ಅವಳ ಹೆಸರಿನಲ್ಲಿದ್ದರೂ ಅಧಿಕಾರ ಬೇರೆಯವರದಾಗಬಹುದು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಮಾತಿನ ಮಹಿಳೆಯರಿಗೆ ಪುಸ್ತಕ ಮರಾಠಿಯಲ್ಲಿದ್ದರೆ ಈ ತೊಡಕು ಇಮ್ಮಡಿಯಾಗುತ್ತದೆ.

ಸಭೆಯ ಕೊನೆಯಲ್ಲಿ ಪ್ರತಿಯೊಬ್ಬಳ ಉಳಿತಾಯ, ಸಾಲ, ಬಾಕಿಗಳನ್ನು ಅವರ ಮನೆಮಾತಿನಲ್ಲೇ ಗಟ್ಟಿಯಾಗಿ ಓದಿಹೇಳುವುದು ಸಣ್ಣ ಕ್ರಮವೆನಿಸಬಹುದು. ಆದರೆ ತನ್ನ ಲೆಕ್ಕವನ್ನು ಕೇಳಿ ತಿಳಿದವಳು ಮಾತ್ರ ಅದನ್ನು ಪ್ರಶ್ನಿಸಬಲ್ಲಳು. ಆರ್ಥಿಕ ಸಬಲೀಕರಣದ ಆರಂಭ ಆ ಪ್ರಶ್ನೆಯಲ್ಲಿದೆ.