ನೆಟ್ ಎಲ್ಲಿ ನಿಂತಿದೆ?

ಒಂದು ವಠಾರ. ಅದರಲ್ಲಿ ಮೂರು ಮನೆ. ಮೂರು ಮನೆಗೂ ಸೇರಿ ಒಂದೇ ವೈಫೈ. ತಿಂಗಳಿಗೆ 600 ರೂಪಾಯಿ. ಮನೆಗೆ 200ರಂತೆ ಹಂಚಿಕೊಳ್ಳುತ್ತಾರೆ. ಮೊದಲ ತಿಂಗಳು ಎಲ್ಲಾ ಚೆನ್ನಾಗಿತ್ತು. ಎರಡನೇ ತಿಂಗಳು ಮಾತು ಶುರುವಾಯಿತು.

"ನಮ್ಮ ಮನೆಗೆ ನೆಟ್ ಬರೋದೇ ಇಲ್ಲ. ನಾನ್ಯಾಕೆ ದುಡ್ಡು ಕೊಡಲಿ?" ಎಂದರು ಹಿಂದಿನ ಮನೆಯವರು.

"ನಿಮ್ಮ ಹುಡುಗ ರಾತ್ರಿಯೆಲ್ಲಾ ಸಿನಿಮಾ ನೋಡ್ತಾನೆ. ಅದಕ್ಕೇ ನಮಗೂ ಬರ್ತಿಲ್ಲ" ಎಂದರು ಮಹಡಿ ಮನೆಯವರು.

ವೈಫೈ ಬಾಕ್ಸ್ ಇದ್ದದ್ದು ಮುಂದಿನ ಮನೆಯಲ್ಲಿ. ಅವರು ಇಬ್ಬರನ್ನೂ ಸೇರಿಸಿ ಬೈದರು.

ಇಂಥ ಜಗಳ ನೀವೂ ನೋಡಿರುತ್ತೀರಿ. ವಠಾರವೇ ಆಗಬೇಕಿಲ್ಲ. ಒಂದೇ ಮನೆಯಲ್ಲೂ ಆಗುತ್ತದೆ. ಅತ್ತೆಗೆ ಧಾರಾವಾಹಿ, ಮೈದುನನಿಗೆ ಆಟ, ಮಗಳಿಗೆ ಪಾಠ. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಇಲ್ಲ. ನೆಟ್ ಎಂದರೆ ಬರೀ ಕಾಲ ಕಳೆಯೋ ವಸ್ತು ಅಂತ ಈಗ ಹೇಳುವಂತಿಲ್ಲ. ಕಾಲೇಜಿನ ಅರ್ಜಿ ಅದರಲ್ಲೇ. ಸ್ಕಾಲರ್‌ಶಿಪ್ ಅದರಲ್ಲೇ. ದೂರದ ಊರಿನಲ್ಲಿ ದುಡಿಯುವ ಮಗನ ಮುಖ ನೋಡುವುದೂ ಅದರಲ್ಲೇ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಆಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂತು, ಮೊಬೈಲಿನಲ್ಲಿ ಪಾಠ ಕೇಳಿದರು. ಅರ್ಜಿಯ ಕೊನೆಯ ದಿನ ನೆಟ್ ಕೈಕೊಟ್ಟರೆ ಮಗಳ ಒಂದು ವರ್ಷವೇ ಹೋದೀತು.

ನೆಟ್ ನಿಂತ ಕೂಡಲೇ ನಾವು ಯಾರನ್ನೋ ಬೈಯುತ್ತೇವೆ. ಇಲ್ಲವೇ "ಹೊಸ ಬಾಕ್ಸ್ ತಗೊಳ್ಳಿ" ಎಂದವರ ಮಾತು ಕೇಳಿ ಸಾವಿರಾರು ರೂಪಾಯಿ ಕೊಡುತ್ತೇವೆ. ಎರಡೂ ಬೇಡ. ಮೊದಲು ಒಂದು ಪ್ರಶ್ನೆ ಕೇಳೋಣ. ನೆಟ್ ಎಲ್ಲಿ ನಿಂತಿದೆ?

ನೆಟ್ ಬರುವ ದಾರಿ

ನಲ್ಲಿಯಲ್ಲಿ ನೀರು ಬರಲಿಲ್ಲ ಅನ್ನಿ. ನೀವು ಏನು ಮಾಡುತ್ತೀರಿ? ಪಕ್ಕದ ಮನೆಗೆ ಬರ್ತಾ ಇದೆಯಾ ಅಂತ ಕೇಳುತ್ತೀರಿ. ಅಲ್ಲೂ ಇಲ್ಲದಿದ್ದರೆ ಬೀದಿಯ ಪೈಪಿನಲ್ಲೇ ಇಲ್ಲ. ಅಲ್ಲಿ ಬರುತ್ತಿದ್ದರೆ ತೊಂದರೆ ನಮ್ಮ ನಲ್ಲಿಯಲ್ಲಿದೆ. ನೆಟ್ ವಿಷಯದಲ್ಲೂ ಹಾಗೇ ಹುಡುಕಬೇಕು.

ನೆಟ್ ಮೂರು ಹಂತದಲ್ಲಿ ಬರುತ್ತದೆ. ಬೀದಿಯ ಕಂಬದಿಂದ ಮನೆಗೆ ತಂತಿಯಲ್ಲಿ ಬರುತ್ತದೆ. ತಂತಿ ಬಂದು ಒಂದು ಬಾಕ್ಸಿಗೆ ಸೇರುತ್ತದೆ. ಈ ಬಾಕ್ಸಿಗೆ ರೂಟರ್ ಎಂದು ಹೆಸರು. ರೂಟರಿನಿಂದ ನಿಮ್ಮ ಫೋನಿಗೆ ಗಾಳಿಯಲ್ಲಿ ಬರುತ್ತದೆ. ಇದೇ ವೈಫೈ. ರೇಡಿಯೋಗೆ ಹಾಡು ಬರುತ್ತದಲ್ಲ, ಅದೇ ಜಾತಿಯ ಅಲೆ ಇದು. ಕಣ್ಣಿಗೆ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆಗ ಅದು ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ಈಗ ಹೆಚ್ಚಿನ ಕಡೆ ಫೈಬರ್ ತಂತಿ ಬಂದಿದೆ. ಫೈಬರ್ ಎಂದರೆ ಗಾಜಿನ ಎಳೆ. ತಲೆಗೂದಲಿನಷ್ಟು ತೆಳು. ಅದರೊಳಗೆ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಗಾಜು ತಾನೇ? ಜೋರಾಗಿ ಮಡಚಿದರೆ ಮುರಿಯುತ್ತದೆ. ಬಟ್ಟೆ ಒಣಗಿಸಲು ಅದೇ ತಂತಿ ಬಳಸುವವರಿದ್ದಾರೆ. ಅದು ತಂತಿಗೆ ಕೇಡು. ಇಲಿ ಕಡಿದರೂ, ಬೀದಿಯಲ್ಲಿ ಎತ್ತರದ ಲಾರಿ ತಗುಲಿದರೂ ತಂತಿ ಹೋಗುತ್ತದೆ.

ದೀಪ ಏನು ಹೇಳುತ್ತದೆ?

ಬಾಕ್ಸಿನ ಮೇಲೆ ಸಣ್ಣ ದೀಪಗಳಿವೆ. ಅವನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಫೈಬರ್ ಬಾಕ್ಸಿನಲ್ಲಿ ಒಂದು ದೀಪದ ಹತ್ತಿರ ಇಂಗ್ಲಿಷಿನ ಎಲ್, ಓ, ಎಸ್ ಎಂಬ ಮೂರು ಅಕ್ಷರ ಇರುತ್ತದೆ. ಅಲ್ಲಿ ಕೆಂಪು ದೀಪ ಉರಿದರೆ ಅಥವಾ ಮಿಣುಕಿದರೆ, ಬೆಳಕು ಮನೆಗೆ ಬರುತ್ತಿಲ್ಲ ಎಂದು ಅರ್ಥ. ಬಾಕ್ಸಿಗೆ ಸೇರುವ ಫೈಬರ್ ತಂತಿ ಮಡಚಿಕೊಂಡಿದೆಯೇ, ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ ನೋಡಿ. ಹಾಗಿದ್ದರೆ ಮೆಲ್ಲಗೆ ಬಿಡಿಸಿ. ಆಮೇಲೂ ಕೆಂಪು ಹೋಗದಿದ್ದರೆ ತಂತಿಯೇ ಕೆಟ್ಟಿದೆ. ಅದು ನಮ್ಮಿಂದ ಆಗುವ ಕೆಲಸ ಅಲ್ಲ. ಕಂಪನಿಗೆ ಫೋನ್ ಮಾಡಬೇಕು. ಬಾಕ್ಸ್ ಬದಲಿಸಿದರೆ ದುಡ್ಡು ದಂಡ. ನೆರೆಮನೆಯವರನ್ನು ಬೈದರೂ ಫಲ ಇಲ್ಲ.

ಒಂದು ಎಚ್ಚರಿಕೆ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ತೊಂದರೆ. ಮಕ್ಕಳಿಗೂ ಹೇಳಿ.

ಕೆಂಪು ದೀಪ ಇಲ್ಲವೇ? ಹಾಗಾದರೆ ಫೋನ್ ಹಿಡಿದು ಬಾಕ್ಸಿನ ಪಕ್ಕದಲ್ಲೇ ನಿಲ್ಲಿ. ಅಲ್ಲಿ ಚೆನ್ನಾಗಿ ಬಂದು, ಅಡುಗೆಮನೆಯಲ್ಲಿ ಬಾರದಿದ್ದರೆ ತೊಂದರೆ ಗಾಳಿಯ ದಾರಿಯಲ್ಲಿದೆ. ಎಲ್ಲರ ಫೋನಿನಲ್ಲಿ ಬಂದು ನಿಮ್ಮದರಲ್ಲಿ ಮಾತ್ರ ಬಾರದಿದ್ದರೆ ನಿಮ್ಮ ಫೋನಿನದೇ ತೊಂದರೆ. ಅದನ್ನು ಆರಿಸಿ ಹಾಕಿ ನೋಡಿ. ಬಾಕ್ಸಿನ ಪಕ್ಕದಲ್ಲೂ ಯಾರ ಫೋನಿಗೂ ಬರುತ್ತಿಲ್ಲವೇ? ಆಗ ಬಾಕ್ಸನ್ನೇ ಒಮ್ಮೆ ಆರಿಸಿ ಹಾಕಬೇಕು.

ಇದಕ್ಕೂ ಒಂದು ಕ್ರಮ ಇದೆ. ಸ್ವಿಚ್ ಆರಿಸಿ ಒಂದು ನಿಮಿಷ ಬಿಡಿ. ಆಮೇಲೆ ಹಾಕಿ. ಹಾಕಿದ ತಕ್ಷಣ ನೆಟ್ ಬರೋದಿಲ್ಲ. ಐದು ನಿಮಿಷ ಕಾಯಬೇಕು. ಕೆಲವರು ತಾಳ್ಮೆ ಇಲ್ಲದೆ ಪಟಪಟ ಅಂತ ನಾಲ್ಕು ಸಲ ಆರಿಸಿ ಹಾಕುತ್ತಾರೆ. ಅದು ಬೇಡ. ಬಾಕ್ಸಿನ ಹಿಂದೆ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಅದು ರೀಸೆಟ್ ಗುಂಡಿ. ಅದನ್ನು ಪಿನ್ನಿನಿಂದ ಒತ್ತಿದರೆ ಬಾಕ್ಸಿನಲ್ಲಿ ತುಂಬಿಟ್ಟ ವಿವರವೆಲ್ಲ ಅಳಿಸಿ ಹೋಗಬಹುದು. ಆಮೇಲೆ ಕಂಪನಿಯವರೇ ಬಂದು ತುಂಬಬೇಕಾಗುತ್ತದೆ. ಅದರ ತಂಟೆಗೆ ಹೋಗಬೇಡಿ.

ಬಾಕ್ಸ್ ಎಲ್ಲಿಡಬೇಕು?

ನಮ್ಮ ಮನೆಗಳಲ್ಲಿ ಹೆಚ್ಚಿನ ತೊಂದರೆ ಇರುವುದು ಇಲ್ಲೇ. ಬಾಕ್ಸನ್ನು ದೀಪದ ಹಾಗೆ ತಿಳಿಯಿರಿ. ಬುಡ್ಡಿ ದೀಪವನ್ನು ಬೀರುವಿನ ಹಿಂದೆ ಇಟ್ಟರೆ ಮನೆಗೆ ಬೆಳಕು ಬಂದೀತೇ? ವೈಫೈ ಅಲೆ ಗೋಡೆಯನ್ನು ದಾಟುತ್ತದೆ ನಿಜ. ಆದರೆ ಒಂದೊಂದು ಗೋಡೆ ದಾಟಿದಾಗಲೂ ಸೊರಗುತ್ತದೆ. ಮರದ ಬಾಗಿಲು ಅಷ್ಟು ತಡೆಯುವುದಿಲ್ಲ. ದಪ್ಪ ಕಲ್ಲಿನ ಗೋಡೆ, ಕಾಂಕ್ರೀಟ್ ಗೋಡೆ ಬಹಳ ತಡೆಯುತ್ತವೆ. ಲೋಹವನ್ನು ದಾಟುವುದು ಅದರ ಕೈಲಿ ಆಗೋದಿಲ್ಲ. ಕಬ್ಬಿಣದ ಬೀರು, ಸ್ಟೀಲ್ ಪಾತ್ರೆ ಜೋಡಿಸಿದ ಸ್ಟ್ಯಾಂಡು, ಫ್ರಿಜ್, ದೊಡ್ಡ ನಿಲುವುಗನ್ನಡಿ, ಇವೆಲ್ಲ ಅಲೆಗೆ ಅಡ್ಡ. ನೀರು ತುಂಬಿದ ಡ್ರಮ್ಮು ಕೂಡ ಅಲೆಯನ್ನು ಹೀರಿಕೊಳ್ಳುತ್ತದೆ.

ಆ ವಠಾರದಲ್ಲಿ ಬಾಕ್ಸ್ ಎಲ್ಲಿತ್ತು ಗೊತ್ತೇ? ಮುಂದಿನ ಮನೆಯ ಟಿವಿ ಹಿಂದೆ. ಅದರ ಪಕ್ಕ ಬೀರು. ಬೀರುವಿನಾಚೆ ಪಾತ್ರೆ ಸ್ಟ್ಯಾಂಡು. ಆಮೇಲೆ ಎರಡು ಕಲ್ಲಿನ ಗೋಡೆ. ಅದರಾಚೆ ಹಿಂದಿನ ಮನೆ. ಅವರಿಗೆ ನೆಟ್ ಬಾರದಿದ್ದದ್ದು ಹುಡುಗನಿಂದಲ್ಲ, ಬೀರುವಿನಿಂದ!

ಹಾಗಾಗಿ ಬಾಕ್ಸ್ ಎತ್ತರದಲ್ಲಿರಲಿ, ತೆರೆದ ಜಾಗದಲ್ಲಿರಲಿ, ಆದಷ್ಟು ಮನೆಯ ನಡುವೆ ಇರಲಿ. ಚೆಂದ ಕಾಣಲಿ ಅಂತ ಅದಕ್ಕೆ ಕಸೂತಿ ಬಟ್ಟೆ ಹೊದಿಸಬೇಡಿ. ಬಟ್ಟೆ ಅಲೆಯನ್ನು ತಡೆಯುವುದಿಲ್ಲ. ಆದರೆ ಬಾಕ್ಸಿನ ಕಾವು ಹೊರಗೆ ಹೋಗಲು ಬಿಡುವುದಿಲ್ಲ. ಕಾದ ಬಾಕ್ಸ್ ಆಗಾಗ ನಿಲ್ಲುತ್ತದೆ. ಜಾಗ ಬದಲಿಸಲು ತಂತಿ ಸಾಲದಿದ್ದರೆ ಎಳೆಯಬೇಡಿ. ಕಂಪನಿಯ ಹುಡುಗನಿಗೆ ಹೇಳಿ ಉದ್ದ ಮಾಡಿಸಿ.

ಫೋನಿನಲ್ಲಿ ಕೆಲವೊಮ್ಮೆ ನಿಮ್ಮ ವೈಫೈಗೆ ಎರಡು ಹೆಸರು ಕಾಣುತ್ತದೆ. ಒಂದರ ಕೊನೆಯಲ್ಲಿ 5ಜಿ ಎಂದಿರುತ್ತದೆ. ಇದು ಮೊಬೈಲ್ ಸಿಮ್ಮಿನ 5ಜಿ ಅಲ್ಲ, ಬೇರೆ. ವೈಫೈ ಅಲೆಯಲ್ಲಿ 2.4 ಎಂಬುದೊಂದು, 5 ಎಂಬುದೊಂದು ಇದೆ. 5ರದು ಬಲು ಜೋರು, ಆದರೆ ದೂರ ಹೋಗಲಾರದು. 2.4 ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. ಬಾಕ್ಸ್ ಇರುವ ಕೋಣೆಯಲ್ಲಿ 5ಜಿ ಹೆಸರನ್ನು ಒತ್ತಿ. ದೂರದ ಕೋಣೆಯಲ್ಲಿ ಇನ್ನೊಂದನ್ನು ಒತ್ತಿ. ಇಷ್ಟರಿಂದಲೇ ಎಷ್ಟೋ ಮನೆಯ ತೊಂದರೆ ತೀರುತ್ತದೆ.

ಇಷ್ಟೆಲ್ಲ ಮಾಡಿದರೂ ದೂರದ ಮನೆಗೆ ತಲುಪದಿದ್ದರೆ ಎರಡನೇ ಬಾಕ್ಸ್ ಬೇಕು. ಅಂಗಡಿಯಲ್ಲಿ ರಿಪೀಟರ್ ಅಂತ ಕೊಡುತ್ತಾರೆ. ಗಾಳಿಯಲ್ಲಿ ಬಂದದ್ದನ್ನು ಹಿಡಿದು ಮುಂದೆ ಕಳಿಸುವ ಬಾಕ್ಸ್ ಅದು. ನೆಟ್ ಬಾರದ ಮೂಲೆಯಲ್ಲಿ ಅದನ್ನು ಇಟ್ಟರೆ ಪ್ರಯೋಜನ ಇಲ್ಲ. ತನಗೇ ಸಿಗದ್ದನ್ನು ಅದು ಏನು ಕೊಟ್ಟೀತು? ನಡು ದಾರಿಯಲ್ಲಿಡಬೇಕು. ಅದರಲ್ಲೂ ನೆಟ್ ಸ್ವಲ್ಪ ನಿಧಾನವಾಗುತ್ತದೆ. ನನ್ನನ್ನು ಕೇಳಿದರೆ, ಮೊದಲ ಬಾಕ್ಸಿನಿಂದ ಒಂದು ತಂತಿ ಎಳೆದು ಎರಡನೇ ಬಾಕ್ಸಿಗೆ ಕೊಡುವುದೇ ಮೇಲು.

ಎಲ್ಲರೂ ಒಟ್ಟಿಗೆ ಕೂತಾಗ

ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ನಿಧಾನವೇ? ಹಾಗಾದರೆ ಅದು ಹಂಚಿಕೆಯ ತೊಂದರೆ. ನಾಲೆಯ ನೀರಿನ ಲೆಕ್ಕ ನಿಮಗೆ ಗೊತ್ತು. ಮೇಲಿನ ಗದ್ದೆಯವರು ತೂಬು ಪೂರ್ತಿ ತೆಗೆದರೆ ಕೊನೆಯ ಗದ್ದೆ ಒಣಗುತ್ತದೆ. ನೀವು 30ರ ಪ್ಯಾಕ್ ಹಾಕಿಸಿದ್ದೀರಿ ಅನ್ನಿ. ಒಂದು ಟಿವಿಯಲ್ಲಿ ಒಳ್ಳೆ ಚಿತ್ರದ ಸಿನಿಮಾಗೆ ಸುಮಾರು 5 ಹೋಗುತ್ತದೆ. ವಿಡಿಯೋ ಕರೆಗೆ 1ರಿಂದ 3 ಸಾಕು. ಬರೀ ಮಾತಿಗೆ ಇನ್ನೂ ಕಡಿಮೆ. ಲೆಕ್ಕ ಹಾಕಿದರೆ ಮೂರು ಮನೆಗೂ ಸಾಕು. ಆದರೆ ಯಾರೋ ಒಬ್ಬರು ದೊಡ್ಡ ಸಿನಿಮಾ ಅಥವಾ ಆಟವನ್ನು ಫೋನಿಗೆ ಇಳಿಸಿಕೊಳ್ಳಲು ಕೂತರೆ, ಸಿಕ್ಕಿದ್ದನ್ನೆಲ್ಲಾ ಅದೇ ಎಳೆದುಕೊಳ್ಳುತ್ತದೆ. ಇಳಿಸಿಕೊಳ್ಳುವ ಕೆಲಸ ಎಲ್ಲರೂ ಮಲಗಿದ ಮೇಲೆ ಆಗಲಿ. ಮಗಳ ಪಾಠದ ಹೊತ್ತು, ಅರ್ಜಿ ತುಂಬುವ ಹೊತ್ತು ಬಿಟ್ಟುಕೊಡಿ ಅಂತ ಕೂತು ಮಾತಾಡಿ.

ತಿಂಗಳ ಕೊನೆಗೆ ಮಾತ್ರ ನಿಧಾನವಾದರೆ ಪ್ಯಾಕನ್ನು ವಿಚಾರಿಸಿ. ಇಷ್ಟು ಬಳಸಿದ ಮೇಲೆ ಸ್ಪೀಡ್ ಇಳಿಸುತ್ತೇವೆ ಎಂಬ ಕರಾರು ಹಲವು ಪ್ಯಾಕಿನಲ್ಲಿದೆ. ಬೇರೆ ಮನೆಗೆ ಹಂಚಬಾರದು ಎಂಬ ಕರಾರೂ ಇರಬಹುದು. ಅದನ್ನು ಮೊದಲೇ ಕೇಳಿಕೊಳ್ಳಿ. ಹಂಚಿಕೊಂಡ ನೆಟ್ಟಿನಲ್ಲಿ ಯಾರಾದರೂ ಕೆಟ್ಟ ಕೆಲಸ ಮಾಡಿದರೆ, ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೇ ಮೊದಲು ವಿಚಾರಣೆಗೆ ಬರುತ್ತಾರೆ.

ಆದ್ದರಿಂದ ಪಾಸ್‌ವರ್ಡ್ ಭದ್ರ. ಪಾಸ್‌ವರ್ಡ್ ಎಂದರೆ ನಿಮ್ಮ ವೈಫೈಗೆ ಬೀಗದ ಕೈ. ಬಾಕ್ಸಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಮೊದಲ ಪಾಸ್‌ವರ್ಡ್ ಇರುತ್ತದೆ. ಅದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿರುತ್ತದೆ. ದೊಡ್ಡ ಅಕ್ಷರವೇ ಬೇರೆ, ಸಣ್ಣ ಅಕ್ಷರವೇ ಬೇರೆ. ಇದ್ದ ಹಾಗೇ ನೋಡಿ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಒಬ್ಬರಿಂದ ಒಬ್ಬರಿಗೆ ಹೋಗಿ ಅದು ಬೀದಿಗೆಲ್ಲ ಗೊತ್ತಾಗಿದ್ದರೆ ಬದಲಿಸಬೇಕು. ಬದಲಿಸಲು ಕಂಪನಿಯವರ ಅಥವಾ ತಿಳಿದ ಹುಡುಗರ ನೆರವು ಪಡೆಯಿರಿ. ಹೊಸ ಪಾಸ್‌ವರ್ಡ್ ಮಾತ್ರ ನೀವೇ ಆರಿಸಿ. ಫೋನ್ ನಂಬರ್, ಮಗುವಿನ ಹೆಸರು ಇಡಬೇಡಿ. ಬದಲಿಸಿದ ಕೂಡಲೇ ಎಲ್ಲರ ಫೋನಿನ ವೈಫೈ ಕಡಿಯುತ್ತದೆ. ಗಾಬರಿ ಬೇಡ. ಪಾಲುದಾರರಿಗೆ ಮಾತ್ರ ಹೊಸದನ್ನು ಕೊಡಿ.

ಕಂಪನಿಗೆ ಫೋನ್ ಮಾಡುವಾಗ

"ನೆಟ್ ಬರ್ತಿಲ್ಲ, ಬೇಗ ಬನ್ನಿ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಕೆಂಪು ದೀಪ ಉರೀತಾ ಇದೆ. ಬೆಳಿಗ್ಗೆ ಹತ್ತರಿಂದ ಬಂದಿಲ್ಲ. ಆರಿಸಿ ಹಾಕಿ ನೋಡಿದ್ದೇನೆ" ಎನ್ನಿ. ಆಗ ಅವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ದೂರು ಕೊಟ್ಟಾಗ ಒಂದು ನಂಬರ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ. ತಾರೀಖು, ಹೊತ್ತು, ಆ ನಂಬರ್, ಮೂರನ್ನೂ ಬರೆದಿಡಿ. ಮನೆಯ ಗಂಡಸರು ಬರಲಿ ಅಂತ ಕಾಯಬೇಕಾಗಿಲ್ಲ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಫೋನ್ ನಂಬರ್ ಗೊತ್ತಿದ್ದರೆ ಸಾಕು. ಆದರೆ ಒಂದು ಮಾತು. ದೂರು ಸರಿಮಾಡುತ್ತೇವೆ ಅಂತ ಯಾರಾದರೂ ತಾವಾಗಿಯೇ ಫೋನ್ ಮಾಡಿ ಬ್ಯಾಂಕಿನ ಓಟಿಪಿ ಕೇಳಿದರೆ, ಫೋನ್ ಇಟ್ಟುಬಿಡಿ. ನೆಟ್ ರಿಪೇರಿಗೆ ಬ್ಯಾಂಕಿನ ಓಟಿಪಿ ಬೇಕಾಗಿಲ್ಲ.

ಹಲವು ದಿನ ನೆಟ್ ಬಾರದಿದ್ದರೆ ಆ ದಿನಗಳ ಹಣ ಬಿಲ್ಲಿನಲ್ಲಿ ಕಳೆಯಿರಿ ಎಂದು ಕೇಳಿ. ಬರೆದಿಟ್ಟ ತಾರೀಖು ಆಗ ಬೇಕಾಗುತ್ತದೆ. ಮೊದಲ ದೂರಿಗೆ ಉತ್ತರ ಸಿಗದಿದ್ದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಅಧಿಕಾರಿ ಇರುತ್ತಾರೆ, ಅವರಿಗೆ ಹೇಳಬಹುದು. ಗ್ರಾಹಕರ ದೂರಿಗೆ ಸರ್ಕಾರದ ಸಹಾಯವಾಣಿಯೂ ಇದೆ. ಅದರ ನಂಬರ್ 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.