ನಿಮಗಿದು ಗೊತ್ತೇ? ಕಾಯಿಲೆ, ಊನ ಇದ್ದವರ ಡಿಎಲ್ ರಿನ್ಯೂವಲ್

ನಲವತ್ತು ತುಂಬಿದ ಮೇಲೆ ಡಿಎಲ್ ರಿನ್ಯೂ ಮಾಡಿಸಲು ಹೋದರೆ ಡಾಕ್ಟರ ಸರ್ಟಿಫಿಕೇಟ್ ಬೇಕೇ ಬೇಕು. ಅದೇ ಫಾರ್ಮ್ 1ಎ. ನಲವತ್ತರೊಳಗಿನವರು ಸ್ವಂತ ಕಾರು, ಬೈಕಿಗಾದರೆ ಫಾರ್ಮ್ 1ರಲ್ಲಿ ತಮ್ಮ ಆರೋಗ್ಯದ ಬಗ್ಗೆ ತಾವೇ ಬರೆದು ಸಹಿ ಹಾಕಿದರೆ ಸಾಕು. ಬಸ್ಸು, ಲಾರಿಯಂಥ ಸಾರಿಗೆ ವಾಹನದ ಲೈಸೆನ್ಸ್ ಇದ್ದವರಿಗೆ ಮಾತ್ರ ಯಾವ ವಯಸ್ಸಿನಲ್ಲೂ 1ಎ ತಪ್ಪಿದ್ದಲ್ಲ.

1ಎ ಫಾರ್ಮಿನ ಮೇಲೆ ಅಂಟಿಸಿದ ಫೋಟೋ ಇದೆಯಲ್ಲ, ಡಾಕ್ಟರ ಸಹಿ ಅರ್ಧ ಆ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಎದುರಿಗೆ ಕೂತವರೂ ಫೋಟೋದಲ್ಲಿರುವವರೂ ಒಬ್ಬರೇ ಎಂದು ಡಾಕ್ಟರು ಕಣ್ಣಾರೆ ಕಂಡು ಒಪ್ಪಿದ್ದಾರೆ ಎಂದು ಅದರ ಅರ್ಥ. ಕಾಣದೆಯೇ ಸೀಲು ಒತ್ತಿ ಕೊಡುವುದನ್ನು ನಾನು ನೋಡಿದ್ದೇನೆ. ಅದು ರಸ್ತೆಯಲ್ಲಿ ನಡೆಯುವ ಎಲ್ಲರಿಗೂ ಮಾಡುವ ಮೋಸ.

ಫಾರ್ಮ್ ಕೇಳುವ ಪ್ರಶ್ನೆಗಳು ಬೆರಳೆಣಿಕೆಯಷ್ಟೇ. ಮೂರ್ಛೆ ರೋಗವಿದೆಯೇ? ಯಾವುದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತದೆಯೇ, ತಲೆಸುತ್ತು ಬರುತ್ತದೆಯೇ? ಕೈಕಾಲು ಕಳೆದುಕೊಂಡಿದ್ದೀರಾ, ಅವುಗಳಲ್ಲಿ ಬಲ ಕಡಿಮೆಯೇ? ಕೆಂಪು–ಹಸಿರು ಬೇರೆಬೇರೆಯಾಗಿ ಕಾಣುತ್ತವೆಯೇ? ಇರುಳುಗುರುಡು ಇದೆಯೇ? ಹಾರನ್ ಕೇಳಿಸುತ್ತದೆಯೇ?

ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರಬೇಕು ಎನ್ನುವುದೂ ಅದೇ ಪಟ್ಟಿಯಲ್ಲಿದೆ. ಕನ್ನಡಕ ಹಾಕಿಕೊಂಡು ಓದಬಹುದು, ಅದರಲ್ಲಿ ನಾಚಿಕೆಯಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿ, ಮೂವತ್ತು–ಮೂವತ್ತೈದು ಹೆಜ್ಜೆ ಹಿಂದೆ ಹೋಗಿ ನೀವೇ ಒಮ್ಮೆ ಪರೀಕ್ಷಿಸಿಕೊಳ್ಳಿ. ಹತ್ತು ವರ್ಷದಿಂದ ಕಣ್ಣು ತೋರಿಸದವರಿಗೆ ಗಾಬರಿಯಾಗುವಂಥ ಉತ್ತರ ಸಿಕ್ಕೀತು.

ಆದರೆ ನಂಬರ್ ಪ್ಲೇಟ್ ಓದಿಬಿಟ್ಟರೆ ಕಣ್ಣು ಸರಿಯಿದೆ ಎಂದುಕೊಳ್ಳಬೇಡಿ. ಗ್ಲಾಕೋಮಾ ಮೊದಲು ತಿನ್ನುವುದು ಅಕ್ಕಪಕ್ಕದ ನೋಟವನ್ನು, ಅದೂ ನೋವಿಲ್ಲದೆ, ಸದ್ದಿಲ್ಲದೆ. ನೇರ ಎದುರಿನ ಪ್ಲೇಟು ಸೊಗಸಾಗಿ ಕಾಣುತ್ತದೆ, ಪಕ್ಕದ ಗಲ್ಲಿಯಿಂದ ಓಡಿಬಂದ ಮಗು ಕಾಣುವುದಿಲ್ಲ. ಈ ಪಕ್ಕನೋಟವನ್ನು ಅಳೆಯುವ ‘ಫೀಲ್ಡ್ ಟೆಸ್ಟ್’ ಕಣ್ಣಾಸ್ಪತ್ರೆಗಳಲ್ಲಿ ಇದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ರಿನ್ಯೂವಲ್‌ಗೆ ಮುಂಚೆ ಕೇಳಿ ಮಾಡಿಸಿಕೊಳ್ಳಿ.

ಬಣ್ಣಗುರುಡು ಇದ್ದರೆ ಡಿಎಲ್ ಇಲ್ಲ ಎಂಬ ಮಾತು ಹಳತಾಯಿತು. 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ ಲೈಸೆನ್ಸ್ ಕೊಡಬಹುದು ಎಂದಿತು. ತೀವ್ರವಾಗಿದ್ದರೆ ಮಾತ್ರ ತಡೆ. ಬಣ್ಣಗುರುಡು ಪತ್ತೆಹಚ್ಚಲು ಚುಕ್ಕಿಗಳ ನಡುವೆ ಅಂಕಿ ಹುಡುಕಿಸುವ ಪುಸ್ತಕವನ್ನು ಜಪಾನಿನ ಡಾಕ್ಟರ್ ಶಿನೋಬು ಇಶಿಹಾರ 1917ರಲ್ಲಿ ಹೊರತಂದರು, ಇಂದಿಗೂ ಅದೇ ನಡೆಯುತ್ತಿದೆ. ಸಿಗ್ನಲ್ ಕಂಬದಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಬಣ್ಣ ಮಸುಕಾದರೂ ಜಾಗ ನೋಡಿ ತಿಳಿಯುತ್ತದೆ.

ಕಿವಿ ಪೂರಾ ಕೇಳದವರೂ ಕಾರು ಓಡಿಸಬಹುದು. 2011ರಲ್ಲಿ ದೆಹಲಿ ಹೈಕೋರ್ಟ್ ಕಿವುಡರ ಅರ್ಜಿಯನ್ನು ಕಿವುಡುತನದ ಕಾರಣಕ್ಕೇ ತಳ್ಳಿಹಾಕುವಂತಿಲ್ಲ, ಪರೀಕ್ಷೆ ಪಾಸಾದರೆ ಲೈಸೆನ್ಸ್ ಕೊಡಬೇಕು ಎಂದು ಹೇಳಿ ದಾರಿ ತೆರೆಯಿತು. 2016ರಲ್ಲಿ ಕೇಂದ್ರವೂ ರಾಜ್ಯಗಳಿಗೆ ಇದನ್ನೇ ಹೇಳಿತು. ವಾಹನ ಓಡಿಸುವುದು ಹೆಚ್ಚಾಗಿ ಕಣ್ಣಿನ ಕೆಲಸ. ಗಾಜು ಏರಿಸಿ, ಎಫ್‌ಎಂ ಜೋರಾಗಿ ಹಾಕಿಕೊಂಡು ಹೋಗುವ ನಮಗೆ ಹಿಂದಿನ ಹಾರನ್ ಎಷ್ಟು ಕೇಳುತ್ತದೆ ಹೇಳಿ?

ನಮ್ಮ ಕಾನೂನಿನಲ್ಲಿ 2019ರವರೆಗೆ ಊನವಿದ್ದವರ ವಾಹನಕ್ಕಿದ್ದ ಹೆಸರು ‘ಇನ್‌ವ್ಯಾಲಿಡ್ ಕ್ಯಾರಿಯೇಜ್’, ಅಂದರೆ ಅಶಕ್ತರ ಗಾಡಿ. ಆ ವರ್ಷದ ತಿದ್ದುಪಡಿ ಅದನ್ನು ಅಳಿಸಿ ‘ಅಡಾಪ್ಟೆಡ್ ವೆಹಿಕಲ್’ ಎಂದು ಬರೆಯಿತು. ಓಡಿಸುವವರಿಗೆ ಒಗ್ಗುವಂತೆ ಮಾರ್ಪಡಿಸಿದ ವಾಹನ ಎಂದು ಅರ್ಥ. ಹೆಸರಷ್ಟೇ ಬದಲಾದದ್ದಲ್ಲ. ನಿಮ್ಮ ಸ್ವಂತ ಕಾರನ್ನೇ ಹೀಗೆ ಮಾರ್ಪಡಿಸಿಕೊಂಡು, ನೋಂದಣಿ ಅಧಿಕಾರಿಯ ಒಪ್ಪಿಗೆಯನ್ನು ಆಮೇಲೆ ಪಡೆಯಲೂ ದಾರಿ ಮಾಡಿಕೊಟ್ಟಿತು.

ಎಡಗಾಲಿಗೆ ಬಲವಿಲ್ಲವೇ? ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸವೂ ಇಲ್ಲ. ಬಲಗಾಲು ಸ್ವಾಧೀನದಲ್ಲಿಲ್ಲದವರಿಗೆ ಆಕ್ಸಿಲರೇಟರನ್ನು ಎಡಕ್ಕೆ ಕೂರಿಸಿಕೊಡುತ್ತಾರೆ. ಎರಡೂ ಕಾಲು ಬಾರದವರಿಗೆ ಸ್ಟೀರಿಂಗ್ ಪಕ್ಕ ಒಂದು ಕೈಸರಳು, ಬ್ರೇಕೂ ಆಕ್ಸಿಲರೇಟರೂ ಅದರಲ್ಲೇ. ಹಿಂದೆ ಎರಡು ಚಕ್ರ ಸೇರಿಸಿದ ಸ್ಕೂಟಿಯನ್ನಂತೂ ನಮ್ಮ ಊರುಗಳಲ್ಲಿ ಎಲ್ಲರೂ ನೋಡಿದ್ದೇವೆ. ಕರ್ನಾಟಕ ಸರ್ಕಾರವೇ ದೈಹಿಕ ಅಂಗವಿಕಲರಿಗೆ ಯಂತ್ರಚಾಲಿತ ವಾಹನ ಕೊಡುವ ಯೋಜನೆ ನಡೆಸುತ್ತದೆ.

ನನ್ನ ಸೋದರಮಾವನಿಗೆ ಲಕ್ವ ಹೊಡೆದು ಎಡಗಾಲು ಎಳೆಯುವಂತಾದಾಗ, ಇನ್ನು ಕಾರು ಮಾರಿಬಿಡುವುದೇ ಸರಿ ಎಂದುಕೊಂಡಿದ್ದರು. ರಿನ್ಯೂವಲ್ ಹತ್ತಿರ ಬಂತು. ಏಜೆಂಟ್ ಹೇಳಿದ್ದು ಒಂದೇ ಮಾತು: “ಲಕ್ವದ ವಿಷಯ ಬರೀಲೇಬೇಡಿ ಸಾರ್.” ಮಾವ ಕೇಳಲಿಲ್ಲ. ನರರೋಗ ತಜ್ಞರಿಂದ ಚೀಟಿ ತಂದು, ಇದ್ದದ್ದನ್ನು ಇದ್ದ ಹಾಗೆ ಬರೆದರು. ಬ್ರೇಕ್ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಆಟೋಮ್ಯಾಟಿಕ್ ಕಾರನ್ನು ಮಾವನಿಂದ ಎರಡು ಸುತ್ತು ಓಡಿಸಿ ನೋಡಿದರು. ಡಿಎಲ್ ಮನೆಗೆ ಬಂದ ದಿನ ಮಾವ ಅತ್ತೆಯನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ತಾವೇ ಓಡಿಸಿಕೊಂಡು ಹೋದರು.

ಬಾಲ್ಯದಲ್ಲೇ ವಿದ್ಯುತ್ ಆಘಾತದಿಂದ ಎರಡೂ ತೋಳು ಕಳೆದುಕೊಂಡ ಇಂದೋರಿನ ವಿಕ್ರಮ್ ಅಗ್ನಿಹೋತ್ರಿ 2016ರಲ್ಲಿ ಡಿಎಲ್ ಪಡೆದರು. ಒಂದು ಕಾಲು ಸ್ಟೀರಿಂಗ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ. ಹುಟ್ಟಿನಿಂದಲೇ ಕೈಗಳಿಲ್ಲದ ಕೇರಳದ ಜಿಲುಮೋಳ್ ಮರಿಯಟ್ ಥಾಮಸ್ ಅವರಿಗೆ ಲೈಸೆನ್ಸ್ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ, ಬಹಳ ವರ್ಷ ಅಲೆದಾಡಿದ ಮೇಲೆ. ಅವರ ಕಾರಿನ ಇಂಡಿಕೇಟರ್, ವೈಪರ್‌ಗಳು ಅವರ ದನಿಗೆ ಓಗೊಡುತ್ತವೆ.

ಸಕ್ಕರೆ ಕಾಯಿಲೆಯ ಹೆಸರು ಫಾರ್ಮ್ ಪ್ರಶ್ನೆಗಳಲ್ಲಿ ಇಲ್ಲ. ಹಾಗೆಂದು ಇನ್ಸುಲಿನ್ ತೆಗೆದುಕೊಳ್ಳುವವರು ನಿಶ್ಚಿಂತರಾಗಿರುವಂತಿಲ್ಲ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೈ ನಡುಗಿ, ಬೆವರಿ, ಗೊಂದಲವಾಗಿ, ಕೊನೆಗೆ ಪ್ರಜ್ಞೆಯೂ ತಪ್ಪಬಹುದು. ಫಾರ್ಮಿನ ‘ಯಾವುದೇ ಕಾರಣಕ್ಕೆ’ ಎಂಬ ಮಾತಿನೊಳಗೆ ಇದೂ ಬಂತು. ಶುಗರ್ ಲೋ ಆದಂತೆ ಅನಿಸಿದರೆ ಗಾಡಿ ಬದಿಗೆ ನಿಲ್ಲಿಸಿ ಸಿಹಿ ತಿನ್ನಿ. ಮತ್ತೆ ಪರೀಕ್ಷಿಸಿ ಸರಿಯಾದ ಮೇಲೂ ಮುಕ್ಕಾಲು ಗಂಟೆ ಕಾಯಿರಿ, ಮೆದುಳು ಸಾವರಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಕಾರಿನಲ್ಲಿ ನಾಲ್ಕು ಬೆಲ್ಲದಚ್ಚು ಸದಾ ಇರಲಿ.

ಫಿಟ್ಸ್ ವಿಚಾರದಲ್ಲಿ ಮಾತ್ರ ನಮ್ಮ ಫಾರ್ಮ್ ಕಠೋರ. ಇದೆಯೋ ಇಲ್ಲವೋ, ಅಷ್ಟೇ. ಕೊನೆಯ ಸಲ ಬಂದು ಎಷ್ಟು ವರ್ಷವಾಯಿತು ಎಂದು ಕೇಳುವ ಜಾಗವೇ ಅಲ್ಲಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಫಿಟ್ಸ್ ಬಾರದಿದ್ದರೆ ಕಾರು ಓಡಿಸಲು ಬಿಡುತ್ತಾರೆ. ಬಸ್ಸು, ಲಾರಿಗಾದರೆ ಔಷಧವೂ ಇಲ್ಲದೆ ಹತ್ತು ವರ್ಷ ಕಳೆದಿರಬೇಕು. ನಮ್ಮಲ್ಲೂ ಇಂಥ ಅಳತೆ ಬರಬೇಕು. ಹತ್ತು ವರ್ಷ ಗುಳಿಗೆ ತಪ್ಪಿಸದೆ ನುಂಗಿ ಆರೋಗ್ಯವಾಗಿರುವವರನ್ನೂ ಸುಳ್ಳು ಬರೆಯುವ ಕಡೆಗೆ ಈ ಪ್ರಶ್ನೆ ತಳ್ಳುತ್ತಿದೆ.

ಬ್ರಿಟನ್ನಿನಲ್ಲಿ ನೆಲೆಸಿ ಅಲ್ಲಿನ ಲೈಸೆನ್ಸ್ ಪಡೆದಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ರಿನ್ಯೂವಲ್‌ವರೆಗೆ ಕಾಯುವಂತಿಲ್ಲ. ಡ್ರೈವಿಂಗಿಗೆ ತೊಡಕಾಗುವ ಕಾಯಿಲೆ ಬಂದರೆ ಅಲ್ಲಿನ ಲೈಸೆನ್ಸ್ ಸಂಸ್ಥೆ ಡಿವಿಎಲ್‌ಎಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ.

ನಮ್ಮಲ್ಲೂ, ಅಪಾಯವಾಗುವಂಥ ಕಾಯಿಲೆಯಿದೆ ಎಂದು ಗೊತ್ತಿದ್ದೂ ಓಡಿಸಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿವರೆಗೆ ದಂಡವಿದೆ.

ಡಿಎಲ್ ಮುಗಿದ ಮೇಲೂ 30 ದಿನ ನಡೆಯುತ್ತದೆ ಎಂದು ಈಗಲೂ ನಂಬಿದವರಿದ್ದಾರೆ. ಆ ರಿಯಾಯಿತಿ 2019ರಲ್ಲೇ ಹೋಯಿತು. ಬದಲಿಗೆ, ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಆಪರೇಷನ್, ಫಿಸಿಯೋಥೆರಪಿ ಎಂದು ಓಡಾಡುತ್ತಿರುವವರು ಈ ಮುಂಗಡ ವರ್ಷವನ್ನು ಬಳಸಿಕೊಳ್ಳಿ.

ಸ್ವಂತ ಕಾರು, ಬೈಕಿನ ಡಿಎಲ್ ಆದರೆ, ವಯಸ್ಸು 30ರಿಂದ 50ರೊಳಗಿದ್ದರೆ ಹತ್ತು ವರ್ಷಕ್ಕೆ ರಿನ್ಯೂ ಆಗುತ್ತದೆ. 50ರಿಂದ 55ರೊಳಗಿದ್ದರೆ 60 ತುಂಬುವವರೆಗೆ. 55 ದಾಟಿದ ಮೇಲೆ ಐದೈದು ವರ್ಷ.

ಅರ್ಜಿಯನ್ನು ‘ಆಗೋಲ್ಲ’ ಎಂದು ಬಾಯಿಮಾತಿನಲ್ಲಿ ತಳ್ಳಿಹಾಕುವ ಅಧಿಕಾರ ಯಾವ ಆರ್‌ಟಿಒಗೂ ಇಲ್ಲ. ಮೋಟಾರು ವಾಹನ ಕಾಯ್ದೆಯ 17ನೇ ಕಲಂ ಪ್ರಕಾರ ನಿರಾಕರಣೆಗೆ ಕಾರಣ ಬರೆದು ಆದೇಶ ಕೊಡಬೇಕು. ಅದು ಕೈಸೇರಿದ 30 ದಿನದೊಳಗೆ ನೀವು ಮೇಲ್ಮನವಿ ಹಾಕಬಹುದು. ಕೌಂಟರಿನಿಂದ ಏಳುವ ಮೊದಲು ಕೇಳಿ: “ಬರೆದು ಕೊಡಿ ಸಾರ್.”