ಹಳೆಯ ಕಾರಿನ ಜೀರ್ಣೋದ್ಧಾರವೋ, ಕಿಟ್ ಕಾರೋ?

ಈ ದೇಶಕ್ಕೆ ಬಂದು ನೆಲೆಸಿ, ಮನೆಯ ಸಾಲ, ಮಕ್ಕಳ ಶಾಲೆ, ಉದ್ಯೋಗ ಎಲ್ಲವೂ ಒಂದು ಹದಕ್ಕೆ ಬಂದ ಮೇಲೆ ನಮ್ಮವರಲ್ಲಿ ಕೆಲವರ ಕಣ್ಣು ಗ್ಯಾರೇಜಿನ ಕಡೆ ತಿರುಗುತ್ತದೆ. ಬ್ರಿಟನ್ನಿನಲ್ಲಿ ಇದು ಸಹಜವೇ ಸರಿ. ಸಂಘದ ಕೂಟಗಳಲ್ಲಿ ಇತ್ತೀಚೆಗೆ ನಾಲ್ಕೈದು ಮಂದಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: “ಹಳೆಯ ಕಾರೊಂದನ್ನು ತಂದು ಸರಿಪಡಿಸುವುದು ಮೇಲೋ, ಕಿಟ್ ತರಿಸಿ ಹೊಸದಾಗಿ ಕಾರು ಕಟ್ಟುವುದು ಮೇಲೋ?” ನಾನು ವೃತ್ತಿಯಿಂದ ರಸಾಯನಶಾಸ್ತ್ರದವನು, ಮೆಕ್ಯಾನಿಕ್ ಅಲ್ಲ. ಆದರೆ ನಾಲ್ಕು ಚಳಿಗಾಲಗಳನ್ನು ಒಂದು ಟ್ರಯಂಫ್ ಹೆರಾಲ್ಡ್ ಕಾರಿನ ಜೊತೆಗೂ, ಒಂದು ಬೇಸಿಗೆಯನ್ನು ಸ್ನೇಹಿತರ ಕಿಟ್ ಕಾರಿನ ಜೊತೆಗೂ ಕಳೆದಿರುವುದರಿಂದ ಎರಡು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಪ್ರಶ್ನೆ ಕೇಳಿದವರಲ್ಲಿ ಒಬ್ಬರದು ನಿಜವಾದ ಇಕ್ಕಟ್ಟು. ಅವರ ತಂದೆ ಮೈಸೂರಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಓಡಿಸುತ್ತಿದ್ದರಂತೆ. ಇಲ್ಲಿ ಒಬ್ಬ ರೈತರ ಕೊಟ್ಟಿಗೆಯಲ್ಲಿ ಅದರ ಅಣ್ಣನಂಥ ಟ್ರಯಂಫ್ ಹೆರಾಲ್ಡ್ 1200 ಅವರಿಗೆ ಸಿಕ್ಕಿತು. ಮಾರಿದವರೇ ಸಲಹೆಯನ್ನೂ ಕೊಟ್ಟರು: “ಮೇಲಿನದನ್ನೆಲ್ಲ ಬಿಸಾಡಿ, ಕೆಳಗಿನ ಚಾಸಿಯ ಮೇಲೆ ಒಂದು ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ.” ಹದಿನೇಳು ವರ್ಷದ ಮಗನಿಗೂ ಅದೇ ಇಷ್ಟ. ಉಳಿಸುವುದೋ, ಬಿಚ್ಚುವುದೋ? ಒಮ್ಮೆ ಕತ್ತರಿಸಿದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ.

ಎರಡು ದಾರಿಗಳ ಇತಿಹಾಸ

ಹೆರಾಲ್ಡ್ ಬಂದದ್ದು 1959ರಲ್ಲಿ. ಇಟಲಿಯ ಜೊವಾನಿ ಮಿಕೆಲೊಟ್ಟಿ ಅದರ ರೂಪ ಬರೆದವರು. ಆ ಹೊತ್ತಿಗೆ ಹೆಚ್ಚಿನ ಕಾರುಗಳಲ್ಲಿ ಚಾಸಿ ಮತ್ತು ಬಾಡಿ ಒಂದೇ ಎರಕದಂತೆ ಸೇರಿಹೋಗುತ್ತಿದ್ದವು. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಕಾರ್ಖಾನೆ ಪ್ರತಿಸ್ಪರ್ಧಿಯಾದ ಬಿ.ಎಂ.ಸಿ.ಯ ಕೈ ಸೇರಿದ್ದರಿಂದ ಅಂಥ ಇಡಿಯ ಬಾಡಿ ಸಿಗುವುದು ಕಷ್ಟವಾಯಿತು. ಹೀಗಾಗಿ ಕೆಳಗೆ ಪ್ರತ್ಯೇಕ ಉಕ್ಕಿನ ಚಾಸಿ, ಮೇಲೆ ಬೋಲ್ಟು ಹಾಕಿ ಕೂಡಿಸಿದ ತುಂಡು ತುಂಡು ಬಾಡಿ ಎಂಬ ಹಳೆಯ ಪದ್ಧತಿಗೇ ಹೋದರು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೇ ವಂಶದ್ದು. ಮುಂದಿನ ಬಾನೆಟ್ಟು ಎರಡೂ ಮಡ್‌ಗಾರ್ಡುಗಳ ಸಮೇತ ಮೊಸಳೆಯ ಬಾಯಂತೆ ತೆರೆಯುವುದನ್ನು ನಮ್ಮ ಹಿರಿಯರಲ್ಲಿ ಹಲವರು ನೋಡಿದ್ದಾರೆ.

ಈ ಗುಣವೇ ಹೆರಾಲ್ಡಿಗೆ ವರವೂ ಆಯಿತು, ಶಾಪವೂ ಆಯಿತು. ಬಾಡಿ ಬಿಚ್ಚಿಟ್ಟರೂ ಚಾಸಿ ಚಕ್ರಗಳ ಮೇಲೆ ನಿಲ್ಲುತ್ತದೆ. ಆದ್ದರಿಂದ ದುರಸ್ತಿ ಸುಲಭ. ಅದೇ ಕಾರಣಕ್ಕೆ ಕಿಟ್ ಕಾರಿನವರಿಗೂ ಅದು ಅಚ್ಚುಮೆಚ್ಚು. ಎಷ್ಟೋ ಹೆರಾಲ್ಡುಗಳು ಬಾಡಿ ಕಳಚಿಕೊಂಡು ಫೈಬರ್‌ಗ್ಲಾಸಿನ ಅಂಗಿ ತೊಟ್ಟವು.

ಕಿಟ್ ಕಾರಿನ ಕಥೆಯಲ್ಲಿ ಮೊದಲು ನೆನೆಯಬೇಕಾದ್ದು ಲೋಟಸ್ ಸೆವೆನ್, 1957. ಇಡಿಯಾಗಿ ಮಾರಿದ ಕಾರಿಗೆ ಆಗ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿದರೆ ಅದು ಉಳಿಯುತ್ತಿತ್ತು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ತೆರಿಗೆಯ ಲಾಭ ಹೋದರೂ ಹವ್ಯಾಸ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಗೆ ಪುಸ್ತಕ ಬರೆದ ಮೇಲೆ, ಒಂದಂಗುಲದ ಚೌಕ ಕೊಳವೆಗಳನ್ನು ತಾವೇ ವೆಲ್ಡ್ ಮಾಡಿ ಚಾಸಿ ಮಾಡುವವರೂ ಹೆಚ್ಚಿದರು.

ಫೈಬರ್‌ಗ್ಲಾಸ್ ಕಾರೆಂದರೆ ಆಟಿಕೆ ಎಂದು ಮೂಗು ಮುರಿಯುವವರಿಗೆ ಒಂದು ನೆನಪು: ನಮ್ಮ ಬೆಂಗಳೂರಿನಲ್ಲೇ 1982ರಲ್ಲಿ ಹೊರಬಂದ ಡಾಲ್ಫಿನ್ ಕಾರಿನ ಮೈ ಫೈಬರ್‌ಗ್ಲಾಸಿನದು. ಅದರ ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್.

ತುಕ್ಕೆಂಬ ಲೆಕ್ಕ

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಹಳೆಯ ಕಾರಿನಲ್ಲಿ ಎಂಜಿನ್ನು ದೊಡ್ಡ ಸಮಸ್ಯೆಯಲ್ಲ, ತುಕ್ಕೇ ಸಮಸ್ಯೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುತ್ತದೆ: ಒಂದು ಕಡೆ ಕಬ್ಬಿಣ ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳಿಗೆ ಚೆಲ್ಲುವ ಉಪ್ಪು ಆ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವಂತೆ ಮಾಡುತ್ತದೆ. ಎರಡು ತಗಡುಗಳ ನಡುವಿನ ಸಂದಿಯಲ್ಲಿ ಆಮ್ಲಜನಕ ಕಡಿಮೆ. ಕರಗುವ ಪಾಲು ಆ ಸಂದಿಯದೇ. ಹೊರಗೆ ಬಣ್ಣ ನೆಟ್ಟಗೆ ಕಂಡರೂ ಒಳಗೆ ತಗಡು ಹಪ್ಪಳವಾಗಿರುವುದು ಇದರಿಂದಲೇ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗ ಬೇಕು, ಆದ್ದರಿಂದ ಅದು ಬೆಸುಗೆಗಳನ್ನೂ ಸೀಳುತ್ತದೆ.

ಬಿಡಿ ಭಾಗಗಳ ಮೇಲಿನ ತುಕ್ಕಿಗೆ ಮದ್ದುಂಟು. ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಹುಳಿ ಆಕ್ಸೈಡನ್ನು ಕರಗಿಸಿ ಲೋಹವನ್ನು ಹೊಳೆಯಿಸುತ್ತದಲ್ಲ, ಸಿಟ್ರಿಕ್ ಆಮ್ಲ ಕಬ್ಬಿಣದ ತುಕ್ಕಿಗೆ ಮಾಡುವುದೂ ಅದೇ ಕೆಲಸ. ಅಂಗಡಿಯಲ್ಲಿ ಸಿಗುವ ಕೆಲವು ತುಕ್ಕು ಪರಿವರ್ತಕಗಳಲ್ಲಿ ಟ್ಯಾನಿಕ್ ಆಮ್ಲ ಇರುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದ ರಸಾಯನವೇ ಅಲ್ಲಿಯೂ ನಡೆಯುವುದು. ಆದರೆ ತೂತು ಬಿದ್ದ ಕಡೆ ಯಾವ ಲೇಪನವೂ ಉಪಯೋಗಕ್ಕೆ ಬಾರದು. ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು.

ಹೆರಾಲ್ಡ್ ನೋಡಲು ಹೋದವರು ಬಣ್ಣ ನೋಡಬೇಡಿ. ಚಾಸಿಯಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊರುವ ಕೈಗಳು, ಡಿಕ್ಕಿಯ ತಳ, ಕಾಲಿಡುವ ಜಾಗದ ಮುಂದಿನ ಗೋಡೆ, ಇವನ್ನು ಒಂದು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮುಂದಿನ ಚಕ್ರಗಳನ್ನು ತಿರುಗಿಸುವ ಕಂಚಿನ ಟ್ರನಿಯನ್‌ಗಳಿಗೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಿರಬೇಕು. ಒಣಗಿ ಮುರಿದರೆ ಓಡುವಾಗಲೇ ಚಕ್ರ ಮಡಚಿಕೊಳ್ಳುತ್ತದೆ.

ಇಲ್ಲಿಯೇ ಎರಡು ದಾರಿಗಳ ಮುಖ್ಯ ವ್ಯತ್ಯಾಸ. ಕಿಟ್ ಕಾರಿನಲ್ಲಿ ಎಷ್ಟು ಕೆಲಸವಿದೆಯೆಂದು ಪೆಟ್ಟಿಗೆ ತೆರೆದ ದಿನವೇ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಹಳೆಯ ಕಾರಿನಲ್ಲಿ ಅರ್ಧ ಬಿಚ್ಚಿದ ಮೇಲೆ ಗೊತ್ತಾಗುತ್ತದೆ. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ಹಿರಿಯರು ಹಳೇ ಮನೆಯ ರಿಪೇರಿಯ ಮಾತನ್ನು ಏಕೆ ಬಿಟ್ಟರೋ ತಿಳಿಯದು.

ಸರ್ಕಾರದ ಕಣ್ಣಿನಲ್ಲಿ

ಕಾನೂನು ಇವೆರಡನ್ನೂ ಬೇರೆಬೇರೆಯಾಗಿ ಕಾಣುತ್ತದೆ. ನಲವತ್ತು ವರ್ಷ ದಾಟಿದ ಕಾರನ್ನು ಐತಿಹಾಸಿಕ ವಾಹನವೆಂದು ದಾಖಲಿಸಿದರೆ ರಸ್ತೆ ತೆರಿಗೆ ಇಲ್ಲ. ಲಂಡನ್ನಿನ ಸದಸ್ಯರಿಗೆ ಯುಲೆಝ್ ಶುಲ್ಕವೂ ಇಲ್ಲ. 2018ರ ಮೇ ತಿಂಗಳಿನಿಂದ, ಕಳೆದ ಮೂವತ್ತು ವರ್ಷಗಳಲ್ಲಿ ದೊಡ್ಡ ಮಾರ್ಪಾಡು ಆಗದಿದ್ದರೆ ಎಂಒಟಿ ಪರೀಕ್ಷೆಯಿಂದಲೂ ವಿನಾಯಿತಿ ಉಂಟು. ಆದರೂ ಕಾರು ರಸ್ತೆಗೆ ಯೋಗ್ಯವಾಗಿರಬೇಕಾದ ಹೊಣೆ ಮಾಲೀಕರದೇ. ವರ್ಷಕ್ಕೊಮ್ಮೆ ತೋರಿಸುವುದೇ ಕ್ಷೇಮ.

ಹೊಸದಾಗಿ ಕಟ್ಟಿದ ಕಿಟ್ ಕಾರಿಗೆ, ಅದರೊಳಗಿನ ಎಂಜಿನ್ನು ಅಜ್ಜನ ಕಾಲದ್ದಾದರೂ, ಆ ಎಂಒಟಿ ವಿನಾಯಿತಿ ದೊರೆಯದು. ರಸ್ತೆಗಿಳಿಯುವ ಮೊದಲು ಅದು ಐವಿಎ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹಿಂದಿನ ಎಸ್‌ವಿಎ ಪರೀಕ್ಷೆಯ ಬದಲಿಗೆ ಇದು 2009ರಲ್ಲಿ ಬಂತು. ಬ್ರೇಕು, ದೀಪ, ಕನ್ನಡಿ, ಸೀಟ್ ಬೆಲ್ಟ್ ಬಿಗಿದ ಜಾಗ, ಹೊಗೆ, ಶಬ್ದ ಎಲ್ಲವನ್ನೂ ನೋಡುತ್ತಾರೆ. ಕೈಗೆ ತಾಗುವ ಅಂಚುಗಳು ಚೂಪಾಗಿರಬಾರದು. ಎರಡೂವರೆ ಮಿಲಿಮೀಟರ್ ತ್ರಿಜ್ಯದ ದುಂಡು ಬೇಕು. ನಂಬರಿನಲ್ಲಿಯೂ ಭೇದವಿದೆ: ಭಾಗಗಳೆಲ್ಲ ಹೊಸದಾಗಿದ್ದರೆ ಹೊಸ ನಂಬರು, ಹಳೆಯ ಕಾರಿನದನ್ನು ಬಳಸಿದ್ದಕ್ಕೆ ದಾಖಲೆಯಿದ್ದರೆ ಅದರ ವಯಸ್ಸಿಗೆ ತಕ್ಕ ನಂಬರು, ಮೂಲವೇ ತಿಳಿಯದಿದ್ದರೆ ‘ಕ್ಯೂ’ ಅಕ್ಷರದ ನಂಬರು. ಆದ್ದರಿಂದ ಪ್ರತಿ ರಸೀದಿಯನ್ನೂ, ಪ್ರತಿ ಹಂತದ ಫೋಟೋವನ್ನೂ ಜೋಪಾನ ಮಾಡಿ.

ಮನೆಮಂದಿಯ ಕ್ಷೇಮ

ಗ್ಯಾರೇಜು ಮನೆಗೆ ಅಂಟಿಕೊಂಡಿರುತ್ತದೆ, ಮಕ್ಕಳು ಓಡಾಡುತ್ತಾರೆ. ಆದ್ದರಿಂದ ಈ ನಾಲ್ಕು ಮಾತುಗಳನ್ನು ಒತ್ತಿ ಹೇಳುತ್ತೇನೆ.

ಒಂದು: ಈ ದೇಶದಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕಿಂತ ಹಳೆಯ ಬ್ರೇಕ್ ಲೈನಿಂಗಿನ ಧೂಳನ್ನು ಗಾಳಿ ಹಿಡಿದು ಊದಬೇಡಿ, ಒಣಗಿದಂತೆಯೇ ಗುಡಿಸಬೇಡಿ.

ಎರಡು: ಎರಡು ಡಬ್ಬಿ ಬೆರೆಸಿ ಹೊಡೆಯುವ ಕಾರಿನ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಅದರಿಂದ ಬಂದ ಆಸ್ತಮಾ ಜೀವಮಾನವಿಡೀ ಉಳಿಯಬಹುದು, ಕಾಗದದ ಮುಖವಾಡ ಸಾಲದು. ಆ ಕೆಲಸವನ್ನು ಬಣ್ಣದ ಅಂಗಡಿಗೇ ಕೊಡಿ.

ಮೂರು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನು ವೆಲ್ಡ್ ಮಾಡಬೇಡಿ. ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ನಾಲ್ಕು: ಫೈಬರ್‌ಗ್ಲಾಸ್ ರಾಳಕ್ಕೆ ಹಾಕುವ ಪೆರಾಕ್ಸೈಡ್ ಗಟ್ಟಿಕಾರಕ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಅದನ್ನು ಕೋಬಾಲ್ಟ್ ವೇಗವರ್ಧಕದ ಜೊತೆ ನೇರವಾಗಿ ಎಂದೂ ಬೆರೆಸಬೇಡಿ, ಸ್ಫೋಟವಾಗುತ್ತದೆ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. 2021ರ ಸೆಪ್ಟೆಂಬರಿನಿಂದ ಇಲ್ಲಿಯ ಸಾಮಾನ್ಯ ಪೆಟ್ರೋಲು ‘ಇ10’, ಎಂದರೆ ನೂರಕ್ಕೆ ಹತ್ತರವರೆಗೆ ಎಥನಾಲ್. ಅದು ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸಿ ಸೀಳುತ್ತದೆ, ಪೆಟ್ರೋಲು ಸೋರಿದರೆ ಬೆಂಕಿಯ ಭಯ. ಹಳೆಯ ಕಾರಿನವರು ಮೊದಲ ದಿನವೇ ಕೊಳವೆಗಳನ್ನು ಬದಲಿಸಿ, ‘ಇ5’ ಸೂಪರ್ ಪೆಟ್ರೋಲು ಹಾಕುವುದು ಲೇಸು.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯ ಇಷ್ಟು: ಮುಗಿದ ಕಾರಿನ ಚಿತ್ರ ನೋಡಿ ಆರಿಸಬೇಡಿ, ದಿನದಿನದ ಕೆಲಸ ನೋಡಿ ಆರಿಸಿ. ಮುಗಿದ ಕಾರು ಭಾನುವಾರ ಒಂದು ಗಂಟೆ ಓಡುತ್ತದೆ. ಕೆಲಸ ವರ್ಷಗಟ್ಟಲೆ, ವಾರದ ನಡುವಿನ ರಾತ್ರಿಗಳಲ್ಲಿ, ತಣ್ಣನೆಯ ಗ್ಯಾರೇಜಿನಲ್ಲಿ ನಡೆಯುತ್ತದೆ. ಹಳೆಯ ಕಾರಿನ ಕೆಲಸವೆಂದರೆ ಟಿಂಕರಿಂಗ್, ಉಜ್ಜುವುದು, ಹುಡುಕುವುದು, ಕಾಯುವುದು. ಇನ್ನೊಬ್ಬರು ಅರುವತ್ತು ವರ್ಷದ ಹಿಂದೆ ಯೋಚಿಸಿದ್ದನ್ನು ಅರ್ಥಮಾಡಿಕೊಂಡು ಅದರಂತೆಯೇ ಮಾಡುವ ತಾಳ್ಮೆ ಬೇಕು. ಕಿಟ್ ಕಾರಿನಲ್ಲಿ ಅಳೆಯುವುದು, ಜೋಡಿಸುವುದು, ಹೊಂದದಿದ್ದರೆ ನೀವೇ ಉಪಾಯ ಹುಡುಕುವುದು. ಅಲ್ಲಿ ಬ್ರೇಕ್ ಪೈಪು ಎಲ್ಲಿ ಹೋಗಬೇಕೆಂಬ ನಿರ್ಧಾರವೂ ಎಷ್ಟೋ ಸಲ ನಿಮ್ಮದೇ. ಅದರ ಹೊಣೆಯೂ ನಿಮ್ಮದೇ.

ಚಿಕ್ಕ ಮಕ್ಕಳಿದ್ದು ಸಮಯ ಸಾಲದವರಿಗೆ, ಹಣಕ್ಕೆ ಮಿತಿ ಗೊತ್ತಿರಬೇಕೆನ್ನುವವರಿಗೆ ಪೂರ್ಣ ಕಿಟ್ ವಾಸಿ. ವೆಲ್ಡಿಂಗ್ ಕಲಿಯುವ ಆಸೆಯಿರುವವರಿಗೆ, ಮುಗಿಯುವ ದಿನಾಂಕದ ಗೊಡವೆ ಇಲ್ಲದವರಿಗೆ ಹಳೆಯ ಕಾರು. ಖರ್ಚಿನ ವಿಷಯದಲ್ಲಿ ಎರಡೂ ಒಂದೇ ಜಾತಿ: ಹಾಕಿದ ಹಣ ಮಾರಾಟದಲ್ಲಿ ಹಿಂದಕ್ಕೆ ಬರುತ್ತದೆಂದು ಲೆಕ್ಕ ಹಾಕಬೇಡಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಂದೇಹವಿಲ್ಲ. ಉಳಿಸಬಹುದಾದ ಹಳೆಯ ಕಾರನ್ನು ಕಿಟ್ ಕಾರಿಗಾಗಿ ಕೊಲ್ಲುವುದು ಬೇಡ. ಹೆರಾಲ್ಡಿನ ತಯಾರಿಕೆ 1971ರಲ್ಲೇ ನಿಂತಿತು, ಹೊಸದಾಗಿ ಹುಟ್ಟುವುದಿಲ್ಲ. ಕಿಟ್ ಕಾರಿಗೆ ಅಂಗದಾನ ಮಾಡಲು ಬೇರೆ ಕಾರುಗಳಿವೆ. ಪಕ್ಕದ ತಗಡು ತುಕ್ಕು ಹಿಡಿದು ಎಂಒಟಿಯಲ್ಲಿ ನಪಾಸಾದ ಹಳೆಯ ಮಾಜ್ದಾ ಎಂಎಕ್ಸ್-5ನಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಹಿಂಚಕ್ರಗಳಿಗೆ ಶಕ್ತಿ ಸಾಗಿಸುವ ಭಾಗಗಳು ಗಟ್ಟಿಯಾಗಿಯೇ ಉಳಿದಿರುವುದುಂಟು. ಅದರ ಮೇಲೆ ಕಟ್ಟಲು ಕಿಟ್‌ಗಳೂ ಇವೆ.

ಮೈಸೂರಿನ ಸ್ನೇಹಿತರಿಗೂ ಇದನ್ನೇ ಹೇಳಿದೆ. ತಂದೆ ಮಗ ಇಬ್ಬರೂ ಸ್ಕ್ರೂಡ್ರೈವರ್ ಹಿಡಿದು ಕಾರಿನ ಕೆಳಗೆ ಒಂದು ಮಧ್ಯಾಹ್ನ ಮಲಗಿ ನೋಡಿದರು. ಚಾಸಿಯ ನಡುಬೆನ್ನು ಗಟ್ಟಿ; ಪಕ್ಕದ ಎರಡು ಕೈಗಳು ಹೋಗಿವೆ, ಡಿಕ್ಕಿಯ ತಳ ಹೋಗಿದೆ. ಅವು ಹೊಸದಾಗಿ ಸಿಗುತ್ತವೆ. ಕತ್ತರಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಮಗ ಸಂಜೆ ತರಗತಿಯಲ್ಲಿ ವೆಲ್ಡಿಂಗಿಗೆ ಸೇರಿದ್ದಾನೆ. ಸ್ಪೋರ್ಟ್ಸ್ ಕಾರಿನ ಮಾತು ಪರೀಕ್ಷೆಗಳು ಮುಗಿದ ಮೇಲೆ ಎಂದು ಒಪ್ಪಂದವಾಗಿದೆ.

ಎಂಜಿನ್ ಎತ್ತುವ ಕ್ರೇನು, ನಾಲ್ಕು ಗಟ್ಟಿ ಸ್ಟ್ಯಾಂಡುಗಳು, ಟಾರ್ಕ್ ರೆಂಚು ನನ್ನಲ್ಲಿವೆ. ಸಂಘದ ಯಾವ ಸದಸ್ಯರಿಗಾದರೂ ಎರವಲು ಕೊಡುತ್ತೇನೆ. ಕಾರು ಕೊಳ್ಳುವ ಮುಂಚೆ ಜೊತೆಗೆ ಬಂದು ತಳ ನೋಡಲೂ ಸಿದ್ಧ. ಬರುವಾಗ ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.